ಅಪ್‌ಡೇಟ್: ಸೌದೆ ಗ್ಯಾಸಿನಲ್ಲಿ ಜನರೇಟರ್ ಓಡಿತು, ಆದರೆ...

ಮಲೆನಾಡಿನ ನಮ್ಮ ತೋಟದ ಮನೆಗೆ ಲೈನ್ ಬಂದಿಲ್ಲ, ಮಳೆಗಾಲದಲ್ಲಿ ಸೋಲಾರ್ ಕೈಕೊಡುತ್ತದೆ, ಸೌದೆ ಗ್ಯಾಸಿನಿಂದ (ಗ್ಯಾಸಿಫೈಯರ್ ಎಂಬ ಮುಚ್ಚಿದ ಒಲೆಯಲ್ಲಿ ಕಡಿಮೆ ಗಾಳಿ ಕೊಟ್ಟು ಸೌದೆ ಉರಿಸಿದಾಗ ಬರುವ, ಹೊತ್ತಿಕೊಳ್ಳುವ ಗ್ಯಾಸ್) ಜನರೇಟರ್ ಓಡಿಸಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಓಡುತ್ತದೆ. ಸುಲಭ ಅಂತ ಮಾತ್ರ ಹೇಳಲಾರೆ.

ಮೊದಲ ವಾರವೇ ಇಂಜಿನ್ ಕಚ್ಚಿಕೊಂಡಿತು. ಬಿಚ್ಚಿದರೆ ವಾಲ್ವ್ ಮೇಲೆ ಹಲಸಿನ ಮೇಣದ ಹಾಗೆ ಕಪ್ಪು ಟಾರ್, ಅಂದರೆ ಸೌದೆ ಹೊಗೆಯ ಅಂಟು. ಸೀಮೆಎಣ್ಣೆಯಲ್ಲಿ ನೆನೆಸಿದರೂ ಜಪ್ಪಯ್ಯ ಅಂದರೂ ಬಿಡಲಿಲ್ಲ. ತಪ್ಪು ನನ್ನದೇ, ಹಸಿ ಸೌದೆ ತುಂಬಿದ್ದೆ. ತೇವ 20%ಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಗ್ಯಾಸಿಫೈಯರ್ ಒಳಗಿನ ಕೆಂಡದ ಕಾವು ಇಳಿದು ಟಾರ್ ಹಾಗೇ ಉಳಿಯುತ್ತದೆ. ಈಗ ಬೆಂಕಿಪೊಟ್ಟಣದಷ್ಟು ತುಂಡು ಮಾಡಿ, ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಒಣಗಿಸುತ್ತೇವೆ. (ಅಮ್ಮನಿಗೆ ಸಿಟ್ಟು, ಅಡಿಕೆ ಸಿಪ್ಪೆಗೆ ಜಾಗವಿಲ್ಲವಂತೆ!)

3 ಕಿಲೋವಾಟ್‌ನ ಪೆಟ್ರೋಲ್ ಜನರೇಟರ್ ಈ ಗ್ಯಾಸಿನಲ್ಲಿ ಕೊಡುವುದು ಒಂದೂವರೆ ಚಿಲ್ಲರೆ ಅಷ್ಟೇ. ಯೂನಿಟ್‌ಗೆ ಸುಮಾರು ಒಂದೂವರೆ ಕೆಜಿ ಸೌದೆ. ಬ್ಯಾಟರಿ ಚಾರ್ಜ್‌ಗೆ ಸಾಕು.

‘ಇದೆಲ್ಲ ಹಳೇದು’ ಅಂದವರೂ ಸರಿಯೇ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ) 1988ರಲ್ಲೇ ಸೌದೆ ಗ್ಯಾಸಿನಿಂದ ಮನೆಮನೆಗೆ ದೀಪ ಕೊಟ್ಟಿದ್ದರು.

ಕೊಟ್ಟಿಗೆಯಲ್ಲೇ ಇಡಿ ಎಂದವರ ಮಾತು ಮಾತ್ರ ಕೇಳಲಿಲ್ಲ. ಈ ಗ್ಯಾಸಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ, ಜೀವಕ್ಕೇ ಅಪಾಯ. ನಾಲ್ಕೂ ಕಡೆ ತೆರೆದ ಶೀಟಿನ ಚಪ್ಪರದಲ್ಲಿ ಇಟ್ಟಿದ್ದೇನೆ.