ಮನೆಯೊಳಗೆ ‘ಕೈ ಕೊಡು’ ಎಂದರೆ ಕೊಡುವ ನಾಯಿ ಬಯಲಿನಲ್ಲಿ ‘ಬಾ’ ಎಂದರೆ ಏಕೆ ಬರುವುದಿಲ್ಲ?

ಪ್ರಶ್ನೆ: ಕೆಲಗೇರಿಯ ಶಿಕ್ಷಕಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹತ್ತು ತಿಂಗಳ ಹೆಣ್ಣು ಮುಧೋಳ ನಾಯಿ ಇದೆ. ಎರಡು ತಿಂಗಳ ಮರಿಯಾಗಿದ್ದಾಗ ಮುಧೋಳದ ಕಡೆಯಿಂದಲೇ ತಂದೆವು. ಉದ್ದ ಕಾಲು, ನೆಲ ಮುಟ್ಟದಂತಹ ಓಟ ನೋಡಿ ಮಗಳು ಅದಕ್ಕೆ ಚಿಗರಿ ಎಂದು ಹೆಸರಿಟ್ಟಳು.

ಮನೆಯೊಳಗೆ ಚಿಗರಿಯಷ್ಟು ಚುರುಕಾದ ನಾಯಿಯನ್ನು ನಾನು ನೋಡಿಲ್ಲ. ಮಗಳು ಎರಡೇ ದಿನದಲ್ಲಿ ‘ಕೈ ಕೊಡು’ ಕಲಿಸಿದಳು, ನಾಲ್ಕು ದಿನದಲ್ಲಿ ಒಂದು ಸುತ್ತು ತಿರುಗುವುದನ್ನು ಕಲಿಸಿದಳು. ಪ್ರತಿ ಸಲವೂ ಬೇಯಿಸಿದ ಮೊಟ್ಟೆಯ ಒಂದು ಚೂರು ಕೊಡುತ್ತಾಳೆ. ಆದರೆ ಸಂಜೆ ಮನೆಯ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ ಹಗ್ಗ ಬಿಚ್ಚಿದರೆ, ಅದೇ ನಾಯಿ ನನ್ನನ್ನು ಗುರುತೇ ಇಲ್ಲದವಳಂತೆ ನೋಡುತ್ತದೆ. ‘ಬಾ’ ಎಂದು ಹತ್ತು ಸಲ ಕೂಗಿದರೂ ಇಪ್ಪತ್ತು ಅಡಿ ದೂರದಲ್ಲಿ ನಿಂತು, ನಾನು ಒಂದು ಹೆಜ್ಜೆ ಇಟ್ಟರೆ ಅದು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತದೆ. ಕಳೆದ ತಿಂಗಳು ಒಮ್ಮೆ ಮುಕ್ಕಾಲು ಗಂಟೆ ಕಾಯಿಸಿ ಬಂದಾಗ, ಸಿಟ್ಟಿನಲ್ಲಿ ನಮ್ಮ ಯಜಮಾನರು ಹಗ್ಗದಿಂದಲೇ ಒಂದು ಏಟು ಹಾಕಿದರು. ಆ ಮೇಲೆ ಪರಿಸ್ಥಿತಿ ಇನ್ನಷ್ಟು ಹದಗೆಟ್ಟಿದೆ.

ತರಬೇತಿ ಕೊಡುವವರೊಬ್ಬರನ್ನು ಕರೆಸಿದೆವು. ಅವರು ಎಳೆದಷ್ಟೂ ಕೊರಳಿಗೆ ಬಿಗಿಯುವ ಚೋಕ್ ಚೈನ್ ಹಾಕಿ ಜಗ್ಗಿದರು, ಸೊಂಟ ಒತ್ತಿ ಕೂರಿಸಿದರು, ‘ತಿಂಡಿ ಕೊಟ್ಟು ಕಲಿಸಿದರೆ ನಾಯಿ ನಿಮ್ಮ ತಲೆ ಮೇಲೆ ಕೂರುತ್ತದೆ’ ಎಂದರು. ಎರಡನೆಯ ದಿನ ಗೇಟಿನ ಹೊರಗೆ ಅವರ ಸ್ಕೂಟರ್ ಸದ್ದು ಕೇಳಿದೊಡನೆ ಚಿಗರಿ ಮಂಚದ ಕೆಳಗೆ ಸೇರಿಕೊಂಡಿತು. ಅಂದೇ ಅವರನ್ನು ಬೇಡವೆಂದು ಕಳುಹಿಸಿದೆ. ಒಂದೇ ನಾಯಿ, ಒಂದೇ ಮೊಟ್ಟೆ. ಆಟಗಳನ್ನು ಇಷ್ಟು ಬೇಗ ಕಲಿಯುವ ಪ್ರಾಣಿ, ಎಲ್ಲಕ್ಕಿಂತ ಅಗತ್ಯವಾದ ಈ ಒಂದು ಮಾತನ್ನು ಏಕೆ ಕಲಿಯುತ್ತಿಲ್ಲ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ನಾಟಿ ನಾಯಿಯ ಮನೆ, ಮೈಸೂರು

ಮೇಡಂ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಚಿಗರಿ ‘ಬಾ’ ಎಂಬ ಮಾತನ್ನು ಕಲಿತಿಲ್ಲ ಎಂದು ನೀವು ಭಾವಿಸಿದ್ದೀರಿ. ನನ್ನ ಪ್ರಕಾರ ಅದು ಆ ಮಾತನ್ನು ಚೆನ್ನಾಗಿಯೇ ಕಲಿತಿದೆ, ಆದರೆ ನೀವು ಅಂದುಕೊಂಡ ಅರ್ಥದಲ್ಲಿ ಅಲ್ಲ. ಬಯಲಿನಲ್ಲಿ ನೀವು ‘ಬಾ’ ಎಂದು ಯಾವಾಗ ಕರೆಯುತ್ತೀರಿ ಎಂದು ನೆನಪಿಸಿಕೊಳ್ಳಿ. ಕತ್ತಲಾಗುತ್ತಾ ಬಂದಾಗ, ಮನೆಗೆ ಹೊರಡುವ ಹೊತ್ತಿಗೆ ಅಲ್ಲವೇ? ಬಂದ ಕೂಡಲೇ ಕೊರಳಿಗೆ ಹಗ್ಗ ಬೀಳುತ್ತದೆ, ಓಟ ನಿಲ್ಲುತ್ತದೆ. ಮನೆಯಲ್ಲಿಯೂ ಸ್ನಾನಕ್ಕೆ, ಉಗುರು ಕತ್ತರಿಸುವುದಕ್ಕೆ, ಕಿವಿಗೆ ಔಷಧಿ ಹಾಕುವುದಕ್ಕೆ ಅದೇ ‘ಬಾ’. ‘ಕೈ ಕೊಡು’ ಎಂಬುದಕ್ಕೆ ಪ್ರತಿ ಸಲವೂ ಮೊಟ್ಟೆ ಸಿಕ್ಕಿದೆ, ‘ಬಾ’ ಎಂಬುದಕ್ಕೆ ಬಹುತೇಕ ಸಲ ಇದ್ದ ಸುಖವೂ ಹೋಗಿದೆ, ಕೊನೆಗೆ ಒಂದು ಏಟೂ ಸಿಕ್ಕಿದೆ. ಆ ಏಟು ತಡವಾಗಿ ಬಂದದ್ದಕ್ಕೆ ಎಂದು ನಮಗೆ ಗೊತ್ತು. ನಾಯಿಯ ಲೆಕ್ಕದಲ್ಲಿ ಅದು ಬಂದದ್ದಕ್ಕೇ ಬಿದ್ದ ಏಟು. ನಮ್ಮ ನಾಯಿ ಕಾಳನ ವಿಷಯದಲ್ಲಿ ನಾನು ಇದೇ ತಪ್ಪನ್ನು ಒಂದು ವರ್ಷ ಮಾಡಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ.

ಮೊದಲ ಕೆಲಸವೆಂದರೆ ಆ ಮಾತನ್ನು ಬಿಟ್ಟುಬಿಡಿ. ಕೆಟ್ಟುಹೋದ ಪದವನ್ನು ರಿಪೇರಿ ಮಾಡುವುದಕ್ಕಿಂತ ಹೊಸದನ್ನು ಕಟ್ಟುವುದು ಸುಲಭ. ನಾನು ಸೀಟಿ ಬಳಸಿದೆ. ಸೀಟಿಯ ಸದ್ದಿಗೆ ಸಿಟ್ಟು ಬರುವುದಿಲ್ಲ, ಮನೆಯ ಯಾರು ಊದಿದರೂ ಒಂದೇ ತೆರನಾಗಿರುತ್ತದೆ, ದೂರಕ್ಕೂ ಕೇಳಿಸುತ್ತದೆ.

ಆದರೆ ಸೀಟಿಗೆ ಮುಂಚೆ ಒಂದು ಚಿಕ್ಕ ಆಟ ಕಲಿಸಿ. ಅಂಗೈಯನ್ನು ಬಿಡಿಸಿ ಚಿಗರಿಯ ಮೂಗಿನಿಂದ ಎರಡು ಬೆರಳು ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ಕೈಯಲ್ಲಿ ಏನೂ ಇರಬಾರದು. ಏನಿದು ಎಂದು ಅದು ಮೂಸಿಯೇ ಮೂಸುತ್ತದೆ. ಒದ್ದೆ ಮೂಗು ಅಂಗೈಗೆ ತಾಗಿದ ಆ ಕ್ಷಣದಲ್ಲೇ ‘ಭಲೆ’ ಎನ್ನಿ, ಆಮೇಲೆ ಇನ್ನೊಂದು ಕೈಯಿಂದ ಜೇಬಿನಲ್ಲಿರುವ ತುಣುಕನ್ನು ತೆಗೆದು ಕೊಡಿ. ‘ಭಲೆ’ ಏಕೆಂದರೆ, ತಿಂಡಿ ಜೇಬಿನಿಂದ ಹೊರಬರುವಷ್ಟರಲ್ಲಿ ನಾಯಿ ತಲೆ ತಿರುಗಿಸಿರುತ್ತದೆ, ನೆಗೆದಿರುತ್ತದೆ. ತಿಂಡಿ ಯಾವುದಕ್ಕೆ ಸಿಕ್ಕಿತು ಎಂಬುದು ಅದಕ್ಕೆ ಸ್ಪಷ್ಟವಾಗಬೇಕಾದರೆ, ಸರಿಯಾದ ಕ್ಷಣಕ್ಕೆ ಗುರುತು ಹಾಕುವ ಒಂದು ಚಿಕ್ಕ ಸದ್ದು ಬೇಕು. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಬಳಿ ಕಲಿತ ಬ್ರೆಲೆಂಡ್ ದಂಪತಿ 1940ರ ದಶಕದಲ್ಲಿ ಅಮೆರಿಕದಲ್ಲಿ ಇದೇ ಕೆಲಸಕ್ಕೆ ಟಿಕ್ ಎಂದು ಸದ್ದು ಮಾಡುವ ಆಟಿಕೆ ಬಳಸಿದರು. ಈಗ ಅಂಗಡಿಗಳಲ್ಲಿ ಸಿಗುವ ಕ್ಲಿಕ್ಕರ್ ಅದರ ವಂಶದ್ದೇ. ನಮ್ಮ ಬಾಯಿಯ ‘ಭಲೆ’ ಸಾಕು, ಆದರೆ ಒಮ್ಮೆ ‘ಭಲೆ’ ಅಂದರೆ ತುಣುಕು ಕೊಡಲೇಬೇಕು.

ಹತ್ತು ಸಲ ಆಡಿ ನಿಲ್ಲಿಸಿ. ಅದು ಇನ್ನೂ ಬೇಕು ಎನ್ನುತ್ತಿರುವಾಗಲೇ ನಿಲ್ಲಿಸುವುದು ಮುಖ್ಯ. ಮರುದಿನ ಕೈ ಒಂದು ಮೊಳ ದೂರ, ಆಮೇಲೆ ಕೋಣೆಯ ಆ ತುದಿ, ಆಮೇಲೆ ಅಡುಗೆಮನೆಯಿಂದ ಪಡಸಾಲೆಗೆ. ಅದು ಓಡೋಡಿ ಬಂದು ಅಂಗೈಗೆ ಮೂಗು ತಾಗಿಸುವುದು ಖಚಿತವಾದ ಮೇಲೆ, ಕೈ ತೋರಿಸುವ ಮುನ್ನ ಒಮ್ಮೆ ಸೀಟಿ ಊದಿ. ಒಂದೇ ಸಲ. ಬರದಿದ್ದರೆ ಮತ್ತೆ ಊದಬೇಡಿ. ನೀವು ಅವಸರಪಟ್ಟಿದ್ದೀರಿ ಎಂದು ತಿಳಿದು ಹತ್ತಿರಕ್ಕೆ ಹೋಗಿ ಸುಲಭ ಮಾಡಿ. ಅಂಗಳದಲ್ಲಿ ದೂರ ಹೆಚ್ಚಿಸಿದ ದಿನ ಎದುರಿಗೆ ಬೇರೆ ಆಕರ್ಷಣೆ ಇರಬಾರದು, ಆಕರ್ಷಣೆ ಇರುವ ದಿನ ದೂರ ಕಡಿಮೆ ಇರಬೇಕು. ಎರಡನ್ನೂ ಒಟ್ಟಿಗೆ ಏರಿಸಿದವರೆಲ್ಲ ಎಡವುತ್ತಾರೆ.

ಬಯಲಿಗೆ ಹೋದಾಗ ಹತ್ತು ಮೀಟರ್ ಉದ್ದದ ಹಗುರ ಹಗ್ಗ ಕಟ್ಟಿ. ಸೀಟಿಗೆ ಬಂದರೆ ಒಂದು ತುಣುಕಲ್ಲ, ಒಂದಾದ ಮೇಲೊಂದು ಐದು ಕೊಡಿ. ತಿನ್ನುತ್ತಿರುವಾಗ ಕೊರಳಪಟ್ಟಿಯನ್ನು ಮೆಲ್ಲಗೆ ಹಿಡಿಯಿರಿ, ಬಿಡಿ, ‘ಹೋಗು’ ಎಂದು ಮತ್ತೆ ಓಡಲು ಕಳುಹಿಸಿ. ಹತ್ತು ಸಲ ಕರೆದರೆ ಒಂಬತ್ತು ಸಲ ಹೀಗೆ ಬಿಟ್ಟು ಕಳುಹಿಸಬೇಕು. ಚಿಗರಿಗೆ ಮೊಟ್ಟೆಗಿಂತ ದೊಡ್ಡ ಬಹುಮಾನ ಓಟ. ಓಟವನ್ನೇ ಬಹುಮಾನವಾಗಿ ಕೊಡಿ. ಹೆಚ್ಚು ಇಷ್ಟದ ಕೆಲಸವನ್ನು ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಿ ಬಳಸಬಹುದು ಎಂದು ಪ್ರೆಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು 1959ರಲ್ಲಿ ಬರೆದರು. ‘ತಟ್ಟೆ ಖಾಲಿ ಮಾಡು, ಆಮೇಲೆ ಆಟಕ್ಕೆ ಹೋಗು’ ಎನ್ನುವ ನಮ್ಮ ಅಜ್ಜಿಯರು ಅದನ್ನು ಮೊದಲೇ ಮಾಡುತ್ತಿದ್ದರು. ಮನೆಗೆ ಹೊರಡುವಾಗ ಮಾತ್ರ ಸೀಟಿ ಊದಬೇಡಿ, ನೀವೇ ನಡೆದು ಹೋಗಿ ಹಗ್ಗ ಹಿಡಿಯಿರಿ.

ಉತ್ತರ: ಪಶುವೈದ್ಯೆ, ಶಿವಮೊಗ್ಗ

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ವೃತ್ತಿಯಿಂದ ತಿಳಿದಿರುವ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ಚೋಕ್ ಚೈನನ್ನು ದಯವಿಟ್ಟು ಮತ್ತೆ ಹಾಕಬೇಡಿ. ಮುಧೋಳದಂತಹ ನಾಯಿಗಳ ಕುತ್ತಿಗೆ ಉದ್ದ, ಚರ್ಮ ತೆಳು, ಅದರ ಕೆಳಗೆ ಕೊಬ್ಬು ಬಹಳ ಕಡಿಮೆ. ಓಡುತ್ತಿರುವ ನಾಯಿಯನ್ನು ಒಮ್ಮೆಲೇ ಜಗ್ಗಿದರೆ ಗಂಟಲಿಗೂ ಕುತ್ತಿಗೆಯ ಮೂಳೆಗಳಿಗೂ ಪೆಟ್ಟಾಗಬಹುದು. ಇದೇ ಕಾರಣಕ್ಕೆ ಉದ್ದ ಹಗ್ಗವನ್ನು ಕೊರಳಪಟ್ಟಿಗೆ ಕಟ್ಟದೆ, ಎದೆಯ ಸುತ್ತ ಬರುವ ಹಾರ್ನೆಸ್‌ಗೆ ಕಟ್ಟಿ. ಇವುಗಳ ತಲೆ ಕುತ್ತಿಗೆಗಿಂತ ಕಿರಿದಾಗಿರುವುದರಿಂದ ಸಾಮಾನ್ಯ ಪಟ್ಟಿ ಕಿವಿಯ ಮೇಲಿಂದ ಜಾರಿಹೋಗುತ್ತದೆ ಎಂಬುದನ್ನೂ ನೆನಪಿಡಿ. ಸೊಂಟ ಒತ್ತಿ ಕೂರಿಸುವುದು ಅನಗತ್ಯ. ಉದ್ದ ಕಾಲಿನ, ತೊಡೆಯ ಸ್ನಾಯು ಬಿಗಿಯಾಗಿರುವ ಈ ನಾಯಿಗಳಲ್ಲಿ ಅನೇಕಕ್ಕೆ ಗಟ್ಟಿ ನೆಲದ ಮೇಲೆ ಕೂರುವುದೇ ಹಿತವಲ್ಲ. ನಿಂತೇ ಕಾಯುವುದನ್ನು ಕಲಿಸಿ, ಇಲ್ಲವೇ ಹಳೆಯ ಕೌದಿಯೊಂದನ್ನು ಹಾಸಿ ಅದರ ಮೇಲೆ ಮಲಗುವುದನ್ನು ಕಲಿಸಿ.

ಬಹುಮಾನದ ತುಣುಕು ಕಡಲೆಕಾಳಿನಷ್ಟಿದ್ದರೆ ಸಾಕು. ಉಪ್ಪು, ಮಸಾಲೆ, ಈರುಳ್ಳಿ ಇಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ, ಸ್ವಲ್ಪ ಪನೀರ್ ಒಳ್ಳೆಯದು. ದಿನದ ಆಹಾರದಲ್ಲಿ ಇವುಗಳ ಪಾಲು ಹತ್ತನೆಯ ಒಂದು ಭಾಗವನ್ನು ಮೀರಬಾರದು, ಹೆಚ್ಚು ಕೊಟ್ಟ ದಿನ ರಾತ್ರಿಯ ಊಟವನ್ನು ಅಷ್ಟೇ ಕಡಿಮೆ ಮಾಡಿ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಈರುಳ್ಳಿ ಬೆಳ್ಳುಳ್ಳಿ ರಕ್ತಕಣಗಳನ್ನು ನಾಶ ಮಾಡುತ್ತವೆ. ಚಾಕೊಲೇಟ್ ಮತ್ತು ಸಕ್ಕರೆಯ ಬದಲು ಕ್ಸೈಲಿಟಾಲ್ ಹಾಕಿದ ತಿನಿಸುಗಳು ವಿಷ. ಮಕ್ಕಳು ಪ್ರೀತಿಯಿಂದ ಪಾಯಸದ ದ್ರಾಕ್ಷಿ ಕೊಟ್ಟು, ಎರಡನೆಯ ದಿನ ನಾಯಿಯನ್ನು ಹೊತ್ತು ತಂದ ಮನೆಯವರನ್ನು ನಾನು ಕಂಡಿದ್ದೇನೆ. ತಿಂದದ್ದು ಗೊತ್ತಾದ ಕೂಡಲೇ, ಲಕ್ಷಣಗಳಿಗೆ ಕಾಯದೆ ವೈದ್ಯರ ಬಳಿಗೆ ಹೋಗಬೇಕು.

ತರಬೇತಿಯನ್ನು ಊಟಕ್ಕೆ ಮುಂಚೆ ಇಟ್ಟುಕೊಳ್ಳಿ. ಹಸಿವಿರುವಾಗ ತುಣುಕಿಗೆ ಬೆಲೆ ಹೆಚ್ಚು. ಅದಲ್ಲದೆ ಮುಧೋಳದಂತಹ ಆಳವಾದ ಎದೆಗೂಡಿನ ನಾಯಿಗಳನ್ನು ಹೊಟ್ಟೆ ತುಂಬಿದ ಮೇಲೆ ಓಡಿಸುವುದು ಅಪಾಯ. ಚಿಗರಿಗೆ ಹತ್ತು ತಿಂಗಳು ಎಂದಿದ್ದೀರಿ. ಮೊದಲ ಬೆದೆ ಬರುವ ಕಾಲ ಇದು. ಆ ಮೂರು ವಾರ ಎಷ್ಟೇ ಕಲಿತಿದ್ದರೂ ಹಗ್ಗ ಬಿಚ್ಚಬೇಡಿ.

ಉತ್ತರ: ಹಳೆಯ ಸಾಕಣೆಯವ, ಜಮಖಂಡಿ

ತಂಗಿ, ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಈ ನಾಯಿಗಳಿವೆ. ಮುಧೋಳದ ಘೋರ್ಪಡೆ ಅರಸರು ಪೋಷಿಸಿ ಉಳಿಸಿದ ತಳಿ ಇದು. ಸೇನೆಯವರೂ 2016ರಲ್ಲಿ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಆದ್ದರಿಂದ ಇದಕ್ಕೆ ಬುದ್ಧಿಯಿಲ್ಲ ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. ಹೊಡೆಯುವುದೂ ಬೇಡ. ಹೊಡೆಸಿಕೊಂಡ ಮುಧೋಳ ನಾಯಿ ಮನುಷ್ಯನನ್ನು ಮತ್ತೆ ನಂಬುವುದಕ್ಕೆ ಬಹಳ ಕಾಲ ತೆಗೆದುಕೊಳ್ಳುತ್ತದೆ.

ಆದರೆ ನನಗೆ ಎರಡು ಅನುಮಾನಗಳಿವೆ. ತುಣುಕು ತೋರಿಸಿ ಕಲಿಸಿದ ನಾಯಿ ಕೈಯನ್ನೇ ನೋಡುತ್ತದೆ, ಕೈ ಖಾಲಿಯಾದರೆ ಮುಖ ತಿರುಗಿಸುತ್ತದೆ. ಇನ್ನೊಂದು, ಇದು ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಮೊಲವೊಂದು ಜಿಗಿದರೆ ಕಿವಿಯೇ ಕೇಳಿಸುವುದಿಲ್ಲ. ಆಗ ನಿನ್ನ ಮೊಟ್ಟೆಯೂ ಇಲ್ಲ, ಸೀಟಿಯೂ ಇಲ್ಲ. ಬಯಲಿನ ಆಚೆ ರಸ್ತೆ ಇದ್ದರೆ ಅದು ರಸ್ತೆಯನ್ನು ನೋಡುವುದಿಲ್ಲ. ನಮ್ಮ ಒಂದು ಗಂಡು ನಾಯಿ ಹಾಗೆಯೇ ಲಾರಿಗೆ ಸಿಕ್ಕಿತು. ಸುತ್ತ ಬೇಲಿಯಿಲ್ಲದ ಕಡೆ ಹಗ್ಗ ಬಿಚ್ಚಬೇಡ ಎಂದೇ ನಾನು ಹೇಳುತ್ತೇನೆ.

ಉತ್ತರ: ನಾಟಿ ನಾಯಿಯ ಮನೆ, ಮೈಸೂರು

ಹಿರಿಯರ ಎರಡನೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ಉತ್ತರದಲ್ಲಿ ಅದನ್ನು ಹೇಳದೆ ಬಿಟ್ಟದ್ದು ತಪ್ಪು. ಮೊದಲನೆಯದರ ಬಗ್ಗೆ ಒಂದು ವಿವರಣೆ ಕೊಡುತ್ತೇನೆ. ತುಣುಕನ್ನು ಮುಂಚೆಯೇ ತೋರಿಸಿ ಕರೆದರೆ ನೀವು ಹೇಳಿದಂತೆಯೇ ಆಗುತ್ತದೆ. ಕೆಲಸ ಮುಗಿದ ಮೇಲೆ ಅದು ಜೇಬಿನಿಂದ ಬಂದರೆ, ಖಾಲಿ ಕೈಯನ್ನು ಕಂಡರೂ ನಾಯಿ ಬರುತ್ತದೆ. ಅದಕ್ಕಾಗಿಯೇ ಮೊದಲ ದಿನದಿಂದ ಅಂಗೈ ಖಾಲಿ ಇರಲಿ ಎಂದೆ. ‘ಕೈ ಕೊಡು’ವಿನಂತಹ ಆಟಗಳು ಗಟ್ಟಿಯಾದ ಮೇಲೆ ತುಣುಕನ್ನು ಒಮ್ಮೆ ಕೊಟ್ಟು ಒಮ್ಮೆ ಬಿಡಬಹುದು. ಆದರೆ ಕರೆದಾಗ ಬಂದ ನಾಯಿಗೆ ಏನನ್ನೂ ಕೊಡದೆ ಇರಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕಾಳನಿಗೆ ಈಗ ಏಳು ವರ್ಷ, ಈಗಲೂ ಕೊಡುತ್ತೇನೆ.

ಮರಳಿ: ಕೆಲಗೇರಿಯ ಶಿಕ್ಷಕಿ, ಧಾರವಾಡ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ನಡುವೆ ಮೂರು ವಾರ ಚಿಗರಿಗೆ ಬೆದೆ ಬಂದದ್ದರಿಂದ ಎಲ್ಲವೂ ಅಂಗಳದೊಳಗೇ ನಡೆಯಿತು. ವೈದ್ಯರು ಮೊದಲೇ ಎಚ್ಚರಿಸಿದ್ದು ಬಹಳ ಉಪಕಾರವಾಯಿತು.

ಅಂಗೈ ಆಟವನ್ನು ಮಗಳು ಮೊದಲ ದಿನವೇ ಕಲಿಸಿದಳು. ಸೀಟಿಗೆ ಹನ್ನೆರಡು ದಿನ ಹಿಡಿಯಿತು. ಶಾಲೆಯ ಪಿ.ಟಿ. ತರಗತಿಯ ಸೀಟಿಯಂಥದ್ದನ್ನೇ ಕೊಂಡೆ. ಕಷ್ಟವಾದದ್ದು ಯಜಮಾನರಿಗೆ. ಅವರು ಕೈ ಚಾಚಿದರೆ ಚಿಗರಿ ಕಿವಿ ಹಿಂದಕ್ಕೆ ಮಡಚಿ ದೂರ ನಿಲ್ಲುತ್ತಿತ್ತು. ಅವರು ಎರಡು ವಾರ ಏನನ್ನೂ ಕೇಳದೆ, ದಿನವೂ ಬೆಳಿಗ್ಗೆ ನೆಲದ ಮೇಲೆ ಕುಳಿತು, ಪಕ್ಕದಲ್ಲಿ ಒಂದೊಂದೇ ತುಣುಕು ಇಡುತ್ತಾ ಹೋದರು. ಹದಿನೈದನೆಯ ದಿನ ಅದೇ ಬಂದು ಅವರ ಅಂಗೈಗೆ ಮೂಗು ತಾಗಿಸಿತು. ಆ ಹೊತ್ತಿಗೆ ‘ಭಲೆ’ ಹೇಳುವುದಕ್ಕೆ ಅವರಿಗೆ ಧ್ವನಿ ಬರಲಿಲ್ಲ, ಮಗಳೇ ಹೇಳಿದಳು.

ನಿನ್ನೆ ಸಂಜೆ ಬಯಲಿನಲ್ಲಿ ಕುರಿಹಿಂಡೊಂದು ಹಾದುಹೋಯಿತು. ಚಿಗರಿ ಹಗ್ಗದ ತುದಿಯಲ್ಲಿತ್ತು. ಬಾಲ ನೆಟ್ಟಗೆ, ಒಂದು ಮುಂಗಾಲು ಗಾಳಿಯಲ್ಲಿ. ನಾನು ಒಮ್ಮೆ ಊದಿದೆ. ಒಂದು ಕ್ಷಣ ಕುರಿಗಳತ್ತಲೇ ನೋಡಿತು. ಆಮೇಲೆ ತಿರುಗಿ, ಹಗ್ಗ ಧೂಳಿನಲ್ಲಿ ಸಡಿಲವಾಗಿ ಎಳೆಯುತ್ತಿರುವಂತೆ ನನ್ನ ಕಡೆಗೆ ಓಡಿ ಬಂದಿತು. ಐದು ತುಣುಕಲ್ಲ, ಡಬ್ಬಿಯಲ್ಲಿದ್ದ ಅಷ್ಟೂ ಮೊಟ್ಟೆಯನ್ನು ಕೊಟ್ಟುಬಿಟ್ಟೆ. ಕಾಕಾ, ನಿಮ್ಮ ಮಾತನ್ನು ಮರೆತಿಲ್ಲ, ಹಗ್ಗವನ್ನು ಬಿಚ್ಚಿಲ್ಲ. ಪರಿಚಯದವರ ಮಾವಿನ ತೋಟಕ್ಕೆ ಸುತ್ತ ಆಳೆತ್ತರದ ಬೇಲಿ ಇದೆ, ವಾರಕ್ಕೆ ಎರಡು ದಿನ ಅಲ್ಲಿ ಬಿಡಲು ಅವರು ಒಪ್ಪಿದ್ದಾರೆ.

ಇನ್ನು ಉಗುರು ಕತ್ತರಿಸುವ ವಿಷಯ ಉಳಿದಿದೆ. ‘ಕೈ ಕೊಡು’ ಎಂದರೆ ಕೊಡುತ್ತದೆ, ಕತ್ತರಿ ಕಂಡೊಡನೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸದ್ಯಕ್ಕೆ ಕತ್ತರಿಯನ್ನು ತುಣುಕುಗಳ ಡಬ್ಬಿಯ ಪಕ್ಕದಲ್ಲೇ ಇಟ್ಟು, ಅದನ್ನು ಮುಟ್ಟಿದಾಗಲೆಲ್ಲ ಒಂದು ಚೂರು ಕೊಡುತ್ತಿದ್ದೇವೆ. ಇದು ಸರಿಯಾದ ದಾರಿಯೇ ಎಂದು ವೈದ್ಯರು ತಿಳಿಸಬೇಕಾಗಿ ವಿನಂತಿ.