ಹಲಸಿನ ಹಲಗೆಯ ಮೇಜಿಗೆ ಯಾವ ಪಾಲಿಷ್? ಸೀಳು, ಗಂಟು, ಹುಳದ ತೂತು ಎಲ್ಲಾ ಇದೆ

ಪ್ರಶ್ನೆ: ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ. ಗಾಳಿಗೆ ಬಿದ್ದ ಹಲಸಿನ ಮರ ಮಿಲ್‌ನಲ್ಲಿ ಕೊಯ್ಸಿ, ಎರಡು ಬೇಸಿಗೆ ಅಟ್ಟದಲ್ಲಿ ಒಣಗಿಸಿ, ಈಗ ನಾನೇ ಓದೋ ಮೇಜು ಮಾಡಿದ್ದೇನೆ. ಒಂದೇ ಹಲಗೆ, ಎರಡಡಿ ಅಗಲ, ಒಂದೂವರೆ ಇಂಚು ದಪ್ಪ. ಒಂದು ತುದಿಯಿಂದ ಅಡಿಯಷ್ಟು ಸೀಳು ಬಂದಿದೆ, ಎರಡು ಗಂಟು (ಒಂದು ಅಲ್ಲಾಡುತ್ತದೆ), ಅಂಚಿನ ಬಿಳಿ ಭಾಗದಲ್ಲಿ ಸೂಜಿ ಚುಚ್ಚಿದ ಹಾಗೆ ತೂತುಗಳು. ಊರಿನ ಬಡಗಿ ಮೆಲಮೈನ್ (ಮೇಲೆ ಗಟ್ಟಿ ಪದರ ಕೂರುವ ಪಾಲಿಷ್) ಹೊಡೆಸಿ ಅಂತಾರೆ, ತಮ್ಮ ಎಪಾಕ್ಸಿ (ಸುರಿದ ಮೇಲೆ ಗಟ್ಟಿಯಾಗುವ ರಾಳ) ಸುರಿ ಅಂತಾನೆ. ನನಗೆ ಈ ಹಳದಿ ಬಣ್ಣ ಹಾಗೇ ಉಳೀಬೇಕು, ಮರ ಮರದ ಹಾಗೇ ಕಾಣಬೇಕು. ಪಾಲಿಷ್ ಕೆಲಸ ಮಾಡುವವರು ಹೇಳಿ.

ಉತ್ತರ (ಪೀಠೋಪಕರಣ ಕೆಲಸ, ಉಡುಪಿ): ಮೊದಲು ಬೇಜಾರಿನ ವಿಷಯ ಹೇಳಿಬಿಡ್ತೇನೆ. ಹಳದಿ ಉಳಿಯೋದಿಲ್ಲ. ಹಲಸು ಬೆಳಕಿಗೆ ಕಂದಾಗುತ್ತಾ ಹೋಗುತ್ತದೆ, ಯಾವ ಡಬ್ಬಿಯೂ ಅದನ್ನು ನಿಲ್ಲಿಸಲ್ಲ, ಹೆಚ್ಚಂದ್ರೆ ನಿಧಾನ ಮಾಡುತ್ತದೆ. ಶುರುವಿನ ತಿಂಗಳುಗಳಲ್ಲಿ ಮೇಜಿನ ಮೇಲೆ ಒಂದೇ ಕಡೆ ಮ್ಯಾಟ್ ಹಾಸಿ ಬಿಡಬೇಡಿ, ಅದರಡಿ ಮಾತ್ರ ಹಳದಿ ಉಳಿದು ಚೌಕ ಎದ್ದು ಕಾಣುತ್ತದೆ.

ಇನ್ನು ಪಾಲಿಷ್. ಡಬ್ಬಿ ತರೋ ಮೊದಲು ನಿಮ್ಮ ಹಲಗೆಯ ಕುಂದುಗಳಲ್ಲಿ ಯಾವುದು ಸುಮ್ನೆ ಕೂತಿದೆ, ಯಾವುದಕ್ಕೆ ಇನ್ನೂ ಜೀವ ಇದೆ ನೋಡಿ. ತೂತಿನ ಪುಡಿಯನ್ನೆಲ್ಲ ಬ್ರಷ್‌ನಲ್ಲಿ ತೆಗೆದು, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಹೊಸ ಹಿಟ್ಟು ಬಿದ್ದರೆ ಕುಟ್ಟೆ ಹುಳ ಒಳಗೇ ಇದೆ ಅಂತ. ಅದು ಸಾಮಾನ್ಯವಾಗಿ ಬಿಳಿ ಭಾಗವನ್ನೇ ತಿನ್ನೋದು, ಅಲ್ಲೇ ಅದಕ್ಕೆ ಬೇಕಾದ ಪಿಷ್ಟ ಇರೋದು, ಒಳಗಿನ ಗಟ್ಟಿ ಕೆಚ್ಚಿಗೆ ಅಷ್ಟಾಗಿ ಹೋಗಲ್ಲ. ಅಂಚಿನ ಆಕಾರದ ಮೇಲೆ ಮೋಹ ಇಲ್ಲದಿದ್ದರೆ ಬಿಳಿ ಭಾಗ ಕೊಯ್ದು ತೆಗೆಯಿರಿ, ಗಲಾಟೆಯೇ ಇಲ್ಲ. ಉಳಿಸಿಕೊಳ್ಳಬೇಕು ಅಂದ್ರೆ ಬೋರಿಕ್ ಆಸಿಡ್-ಬೋರಾಕ್ಸ್ ದ್ರಾವಣ ಹಚ್ಚಿ. ಅದು ಬರಿ ಮರಕ್ಕೆ ಮಾತ್ರ ಇಳಿಯೋದು, ಪಾಲಿಷ್ ಆದಮೇಲೆ ಹಚ್ಚಿ ಪ್ರಯೋಜನ ಇಲ್ಲ.

ಸೀಳು ಮಳೆಗಾಲದಲ್ಲಿ ಸಣ್ಣದಾಗಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಡಮರು ಆಕಾರದ ಗಟ್ಟಿ ಮರದ ತುಂಡು ಅಡ್ಡಕ್ಕೆ ಕೂರಿಸಿ, ಕೆಳಮುಖದಲ್ಲಾದರೂ ಸಾಕು, ಸೀಳು ಮುಂದಕ್ಕೆ ಓಡಲ್ಲ. ಬಾಯಿ ಮುಚ್ಚಲೇಬೇಕು ಅಂತಿಲ್ಲ, ನನಗಂತೂ ತೆರೆದ ಸೀಳೇ ಚಂದ. ಅಲ್ಲಾಡುವ ಗಂಟಿಗೆ ಮಾತ್ರ ಎಪಾಕ್ಸಿ ಹಾಕಿ, ಸ್ವಲ್ಪ ಕಪ್ಪು ಬಣ್ಣ ಬೆರೆಸಿ, ಕೆಳಮುಖಕ್ಕೆ ಟೇಪ್ ಅಂಟಿಸಿಕೊಂಡು. ಗೋಂದು-ಮರದಪುಡಿ ಕಲಸಿ ತುಂಬಿದರೆ ಅಲ್ಲಿ ಪಾಲಿಷ್ ಹೀರದೆ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಇಂಥ ಹಲಗೆಗೆ ನಾನು ಮೆಲಮೈನ್ ಬೇಡ ಅಂತೀನಿ. ಚೆನ್ನಾಗಿಲ್ಲ ಅಂತಲ್ಲ, ಗಟ್ಟಿ ಪದರ ಅದು, ಮರ ಅಲುಗಿದಾಗ ಸೀಳಿನ ಉದ್ದಕ್ಕೂ ಪದರವೂ ಒಡೆಯುತ್ತದೆ, ಆಮೇಲೆ ಅಷ್ಟು ಜಾಗ ಮಾತ್ರ ರಿಪೇರಿ ಮಾಡೋಕಾಗಲ್ಲ, ಇಡೀ ಮೇಜು ಉಜ್ಜಬೇಕು. ಒಂದೇ ಡಬ್ಬಿಯ, ಎಣ್ಣೆ ಆಧಾರದ, ಹೊಳಪಿಲ್ಲದ (ಮ್ಯಾಟ್) ಪಿಯು, ಅಂದ್ರೆ ಪಾಲಿಯುರೆಥೇನ್ ವಾರ್ನಿಷ್ ತನ್ನಿ, ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯದ್ದಲ್ಲ. ಅದಕ್ಕೆ ಅರ್ಧಕ್ಕರ್ಧ ಟರ್ಪೆಂಟೈನ್ ಸೇರಿಸಿ, ಹತ್ತಿ ಬಟ್ಟೆಯಲ್ಲಿ ತೆಳ್ಳಗೆ ಒರೆಸುತ್ತಾ ನಾಲ್ಕೈದು ಸಲ ಹಚ್ಚಿ. ಹಚ್ಚುವ ಮೊದಲು ಉಜ್ಜೋಕೆ ಸ್ಯಾಂಡ್ ಪೇಪರ್ 120ನೇ ನಂಬರಿನಿಂದ ಶುರು, 180, ಆಮೇಲೆ 240, ಸಾಕು (ನಂಬರ್ ಏರಿದಷ್ಟೂ ನಯ). ಕೋಟಿನ ಮಧ್ಯೆ 320ರಲ್ಲಿ ಹಗುರವಾಗಿ. ಸೀಳಿನ ಒಳಗೋಡೆಗೂ ಒರೆಸಿ, ಆದರೆ ಪದರ ಅದರ ಬಾಯಿ ಮುಚ್ಚದ ಹಾಗೆ ನೋಡಿಕೊಳ್ಳಿ. ಅಡಿಭಾಗಕ್ಕೂ ಅಷ್ಟೇ ಕೋಟು ಬೇಕು! ಮೇಲೆ ಮಾತ್ರ ಹಚ್ಚಿದರೆ ಎರಡು ಮುಖ ತೇವ ಹೀರೋದು ಬೇರೆ ಬೇರೆ ಆಗಿ ಹಲಗೆ ಸೆಟೆಯುತ್ತದೆ. ಹೊಳಪು ಬೇಡ, ಹೊಳಪು ಪ್ರತಿ ತಗ್ಗನ್ನೂ ಎತ್ತಿ ತೋರಿಸುತ್ತದೆ.

ಸದಸ್ಯರೊಬ್ಬರು: ಅಗಸೆ ಎಣ್ಣೆ ಸಾಕಲ್ವಾ ಸರ್? ಇನ್ನೂ ಸಹಜವಾಗಿ ಕಾಣುತ್ತೆ. ನಮ್ಮಜ್ಜ ಗೇರು ಎಣ್ಣೆ ಹಚ್ತಿದ್ರು, ಹುಳ ಹತ್ತಿರ ಬರ್ತಿರಲಿಲ್ಲ.

ಉತ್ತರ: ಗೇರು ಸಿಪ್ಪೆಯ ಎಣ್ಣೆ ದೋಣಿಗೆ, ಮಾಡಿನ ಪಕಾಸಿಗೆ (ಹೆಂಚಿನಡಿಯ ಮರಕ್ಕೆ) ಸರಿ. ಅದು ಕಪ್ಪು, ಚರ್ಮ ಸುಡುತ್ತದೆ, ಕೈಯೂರಿ ಬರೆಯೋ ಮೇಜಿಗೆ ಹಚ್ಚೋದಾ? ಅಗಸೆ ಎಣ್ಣೆ ಒಣ ಊರಲ್ಲಾದರೆ ನಾನೂ ಹೂಂ ಅಂತಿದ್ದೆ. ಮಲೆನಾಡಿನ ಮಳೆಗೆ ಅದರ ಮೇಲೆ ಬೂಷ್ಟು ಬರುತ್ತದೆ, ಕಾಯಿಸದ ಹಸಿ ಎಣ್ಣೆಯಂತೂ ಒಣಗೋಕೆ ವಾರಗಟ್ಟಲೆ ತಗೊಳ್ಳುತ್ತದೆ. ಇನ್ನೊಂದು: ಒಣಗುವ ಎಣ್ಣೆ, ಎಣ್ಣೆ ಪಿಯು ಯಾವುದೇ ಆಗಲಿ, ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಒಣಗಿಸಿ, ಇಲ್ಲಾ ನೀರಲ್ಲಿ ಮುಳುಗಿಸಿ.

ಇನ್ನೊಬ್ಬರು: ಚನ್ನಪಟ್ಟಣದ ಗೊಂಬೆಗೆ ಹಾಕೋ ಅರಗು?

ಉತ್ತರ: ಫ್ರೆಂಚ್ ಪಾಲಿಷ್ ಅಂದ್ರೆ ಅದೇ ಅರಗು. ಅಲ್ಲಿ ತಿರುಗಣೆಯಲ್ಲಿ (ಲೇತ್) ತಿರುಗುವ ಗೊಂಬೆಗೆ ಉಜ್ಜಿದ ಬಿಸಿಗೆ ಕರಗಿ ಮರಕ್ಕೆ ಹಿಡಿಯುತ್ತದೆ, ಇಲ್ಲಿ ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುತ್ತೇವೆ. ರಿಪೇರಿ ಅದಕ್ಕಿಂತ ಸುಲಭ ಯಾವುದಕ್ಕೂ ಇಲ್ಲ, ಕೆಲಸ ಕಲಿಯೋಕೂ ಅದೇ ಒಳ್ಳೇದು. ಆದರೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಬಳೆ ಮೂಡುತ್ತದೆ, ಸ್ಯಾನಿಟೈಸರ್ ಚೆಲ್ಲಿದರೆ ಕರಗುತ್ತದೆ. ತೇವದ ದಿನ ಹಚ್ಚಿದರೆ ಮಂಜು ಕವಿದ ಹಾಗೆ ಆಗುತ್ತದೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಅಣ್ಣ. ಎರಡೇ ವಿಷಯ. ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ ಬಿಗಿ ಮಾಡ್ಬಿಡಲಾ? ಡ್ರಾಯರ್ ಒಳಗೂ ಪಿಯು ಹಚ್ಚಬೇಕಾ?

ಉತ್ತರ: ಅಂಟು ಬೇಡವೇ ಬೇಡ. ಚೌಕಟ್ಟಿನಲ್ಲಿ ಸ್ಕ್ರೂ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದಕ್ಕೆ ಕೊರೆದು ವಾಷರ್ ಹಾಕಿ, ಮರಕ್ಕೆ ಹಿಗ್ಗಿ ಕುಗ್ಗೋಕೆ ಜಾಗ ಬೇಕು, ಇಲ್ಲಾಂದ್ರೆ ಇನ್ನೊಂದು ಸೀಳು ಗ್ಯಾರಂಟಿ. ಡ್ರಾಯರ್ ಒಳಗೆ ಎಣ್ಣೆ, ಪಿಯು ಎರಡೂ ಬೇಡ, ಮುಚ್ಚಿದ ಜಾಗದಲ್ಲಿ ವಾಸನೆ ಬೇಗ ಹೋಗಲ್ಲ, ಪುಸ್ತಕಕ್ಕೂ ಹತ್ತುತ್ತದೆ. ಅಲ್ಲಿಗೆ ಅರಗಿನ ಪಾಲಿಷ್ ಎರಡು ಕೋಟು ಹಚ್ಚಿ. ಮೊದಲು ಉಳಿದ ತುಂಡಿನ ಮೇಲೆ ಎಲ್ಲವನ್ನೂ ಪರೀಕ್ಷೆ ಮಾಡಿ, ಫೋಟೋ ಇಲ್ಲಿ ಹಾಕಿ, ಆಮೇಲೆ ಮೇಜಿಗೆ ಕೈ ಹಚ್ಚುವಿರಂತೆ.