ಪದಚರ್ಚೆ: ‘ಕಾಲು ಸುತ್ತು ಕಡಿಮೆ’ ಅಂದರೆ ಯಾವ ಕಾಲು?

ಗೆಳೆಯರೇ, ನಮಸ್ಕಾರ.

ಮೊನ್ನೆ ಅಮ್ಮನ ಜೊತೆ ಕೂತು ಐಸ್ ಮೇಲಿನ ಫಿಗರ್ ಸ್ಕೇಟಿಂಗ್ ನೋಡುತ್ತಿದ್ದೆ. ಜೂನಿಯರ್ ಹುಡುಗಿಯೊಬ್ಬಳು ನೆಗೆದು, ಗಾಳಿಯಲ್ಲಿ ಬುಗುರಿಯ ಹಾಗೆ ತಿರುಗಿ ಇಳಿದಳು. “ಕಾಲು ಸುತ್ತು ಕಡಿಮೆ ಆಯ್ತಮ್ಮ” ಅಂದೆ. “ಅಯ್ಯೋ, ಕಾಲಿಗೆ ಏನಾಯ್ತೇ?” ಅಂದರು ಅಮ್ಮ.

ಈ ಹುಡುಗಿಯರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ, ಅಲ್ಲೂ ಇದೇ ತೊಡಕು. ಆಟವೆಲ್ಲ ಕಾಲಿನದೇ, ಲೆಕ್ಕವೂ ಕಾಲಿನದೇ. ಸರಿಯಾಗಿ ಕಾಲು ಸುತ್ತು ತಪ್ಪಿದರೆ ಅಂಕಪಟ್ಟಿಯಲ್ಲಿ ‘ಕ್ಯೂ’ ಗುರುತು. ಕಾಲಿಗಿಂತ ಜಾಸ್ತಿ ತಪ್ಪಿದರೆ ನೆಗೆತದ ಬೆಲೆಯೇ ಇಳಿಯುತ್ತದೆ. ಅರ್ಧವೇ ತಪ್ಪಿದರೆ ಮೂರು ಸುತ್ತಿನದಕ್ಕೆ ಎರಡು ಸುತ್ತಿನ ಬೆಲೆ. ‘ಎರಡೂಮುಕ್ಕಾಲಿಗೇ ಇಳಿದಳು’ ಅಂತ ಬರೆದು ನೋಡಿದೆ. ಗೊಂದಲ ಹೋಯಿತು, ಆದರೆ ಸಂತೆಯ ತೂಕದಂತೆ ಕೇಳಿಸಿತು.

ಆಕ್ಸೆಲ್ ಅನ್ನುವ ನೆಗೆತಕ್ಕೆ ಮಾತ್ರ ನಮ್ಮ ಲೆಕ್ಕವೇ ಚೆನ್ನ. ಮುಖ ಮುಂದೆ ಮಾಡಿ ನೆಗೆಯುವುದು ಅದೊಂದೇ, ಹಾಗಾಗಿ ಅರ್ಧ ಸುತ್ತು ಹೆಚ್ಚು. ಹೆಸರು ‘ಟ್ರಿಪಲ್’, ತಿರುಗುವುದು ಮೂರೂವರೆ! 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಾವೋ ಅಸಾದಾ ಅಂಥ ಮೂರು ನೆಗೆದರು. ‘ಮೂರೂವರೆ ಸುತ್ತಿನ ನೆಗೆತ’ ಅಂತಲೇ ಬರೆಯುತ್ತೇನೆ. ‘ಲಾಗ’ ಅನ್ನಲಾರೆ, ಅದು ತಲೆಕೆಳಗಾಗುವುದು ಅಲ್ವಾ?

ಇನ್ನು ಲುಟ್ಜ್ ಅನ್ನುವ ನೆಗೆತ. ಸಾಮಾನ್ಯವಾಗಿ ಹಿಂದಕ್ಕೆ ಜಾರುತ್ತಾ ಎಡಗಾಲಿನ ಬ್ಲೇಡಿನ ಹೊರ ಅಂಚಿಗೆ ಒರಗಿ, ಬಲಗಾಲಿನ ಬ್ಲೇಡಿನ ಮುಂದಿನ ಹಲ್ಲನ್ನು ಐಸಿಗೆ ಕುಟ್ಟಿ ನೆಗೆಯಬೇಕು. ಒಳ ಅಂಚಿನಿಂದಾದರೆ ಅದು ಫ್ಲಿಪ್ ಅನ್ನುವ ಬೇರೆ ನೆಗೆತ. ಎಷ್ಟೋ ಹುಡುಗಿಯರ ಪಾದ ಕೊನೇ ಗಳಿಗೆಯಲ್ಲಿ ಒಳಕ್ಕೆ ವಾಲಿಬಿಡುತ್ತದೆ. ಇಂಗ್ಲಿಷಿನವರು ಎರಡೂ ಹೆಸರು ಕಲಸಿ ‘ಫ್ಲಟ್ಜ್’ ಅಂತ ಆಡಿಕೊಳ್ಳುತ್ತಾರೆ. ‘ಮಗ್ಗುಲು ಹೊರಳಿತು’ ಅನ್ನಬಹುದೇ? ಐಸ್ ಬಿಡುವ ಮುಂಚೆಯೇ ಅತಿಯಾಗಿ ತಿರುಗಿಕೊಂಡು ನೆಗೆಯುವವರೂ ಇದ್ದಾರೆ. ಅದಕ್ಕೆ ಮೈಗಳ್ಳತನದ ಜಾಡಿನಲ್ಲಿ ‘ಸುತ್ತುಗಳ್ಳತನ’ ಅಂತ ಕಟ್ಟಿದ್ದೇನೆ. ಸ್ವಲ್ಪ ತುಂಟ ಪದ, ಆದರೂ ಬಿಡಲು ಮನಸ್ಸಿಲ್ಲ.

ಇಷ್ಟು ಚೌಕಾಸಿ ಯಾಕೆಂದರೆ, ಈ ಹುಡುಗಿಯರ ಮುಂದಿನ ದಾರಿ ನಿಂತಿರುವುದೇ ಈ ಕಾಲಿನ ಮೇಲೆ. ಮೈ ಸಣ್ಣಗಿರುವಾಗ ಸುತ್ತು ಸಲೀಸು. ಬೆಳೆದಂತೆ ಮೊದಲು ಕೈಕೊಡುವುದು ಕೊನೆಯ ಕಾಲು ಸುತ್ತು. ನೋಡಿ, ಮತ್ತೆ ಕೈ, ಕಾಲು! 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ 17ರ ತ್ರುಸೋವಾ ಐದು ಸಲ ನಾಲ್ಕು ಸುತ್ತಿನ ನೆಗೆತಕ್ಕೆ ಕೈಹಾಕಿ ಬೆಳ್ಳಿ ಗೆದ್ದಳು. ಅಂಥದ್ದೊಂದೂ ಇಲ್ಲದೆ, ಮೂರೂವರೆಯೂ ಇಲ್ಲದೆ, ಜಪಾನಿನ ಕವೋರಿ ಸಕಾಮೋತೊ ಕಂಚು ಗೆದ್ದರು. ಅದೇ ವರ್ಷ ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸುವ ತೀರ್ಮಾನವಾಯಿತು. 2023ರಿಂದ 2025ರವರೆಗೆ ಮೂರೂ ವರ್ಷ ಜೂನಿಯರ್ ವಿಶ್ವ ಚಾಂಪಿಯನ್ ಆದ ಜಪಾನಿನ ಮಾವೋ ಶಿಮಾದಾಗೆ ವಯಸ್ಸು ನಾಲ್ಕು ತಿಂಗಳು ಸಾಲದೆ 2026ರ ಒಲಿಂಪಿಕ್ಸ್ ತಪ್ಪಿತು.

ಹುಬ್ಬಳ್ಳಿ, ಕಲಬುರಗಿ ಕಡೆಯವರಿಗೆ ಒಂದು ಪ್ರಶ್ನೆ. ನೀವು ‘ಪಾವ್ ಕಿಲೋ’ ಅನ್ನುತ್ತೀರಲ್ಲ, ‘ಪಾವ್ ಸುತ್ತು ಕಡಿಮೆ ಬಿತ್ತು’ ಅಂದರೆ ಕಿವಿಗೆ ಒಪ್ಪುತ್ತದೆಯೇ? ಅಮ್ಮನಿಗಂತೂ ಒಪ್ಪಿದೆ. ಅವರಿಗೆ ಪಾವು ಅಂದರೆ ಅಕ್ಕಿ ಅಳೆಯುವುದು.